‘ಪೋಸ್ಟ್-ಪ್ರೊಫೆಷನಲ್’ ಎಂಬ ಗುಂಡಿ: ಅಮೆರಿಕಕ್ಕೆ ಅಥ್ಲೆಟಿಕ್ ಟ್ರೈನಿಂಗ್ ಓದಲು ಬರುವವರಿಗೆ

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಹಾವೇರಿಯ ಹುಡುಗನೊಬ್ಬ ಫೋನ್ ಮಾಡಿದ. ನಾನು ಅಮೆರಿಕದಲ್ಲಿ, ಅವನಿಗೆ ಆಗ ಬೆಳಿಗ್ಗೆ. "ಅಣ್ಣಾರ, ಸೀಟ್ ಸಿಕ್ತರಿ. ಐನೂರು ಡಾಲರ್ ಡಿಪಾಸಿಟ್ ಕಟ್ಟೇನಿ" ಎಂದ. ಯಾವ ಪ್ರೋಗ್ರಾಂ ಎಂದು ಕೇಳಿದೆ. ಆಫರ್ ಲೆಟರ್ ನೋಡಿ ಹೆಸರು ಓದಿದ. ಅದರಲ್ಲಿ ‘ಪೋಸ್ಟ್-ಪ್ರೊಫೆಷನಲ್’ ಎನ್ನುವ ಪದ ಕೇಳಿದ್ದೇ ತಡ, ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಈ ಗುಂಡಿಗೆ ಬಿದ್ದವರಲ್ಲಿ ನನಗೆ ಗೊತ್ತಿರುವಂತೆ ಇವನು ಮೂರನೆಯವನು. ಮೊದಲನೆಯವನು ನಾನೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಐಇಎಲ್‌ಟಿಎಸ್, ವೀಸಾ ಸಂದರ್ಶನ, ಚಳಿಗೆ ಎಂಥ ಜಾಕೆಟ್ ಬೇಕು, ಇದನ್ನೆಲ್ಲ ಹುಬ್ಬಳ್ಳಿಯ ಯಾವ ಕನ್ಸಲ್ಟೆನ್ಸಿಗೆ ಹೋದರೂ ಹೇಳುತ್ತಾರೆ. ಅವರು ಹೇಳದೇ ಬಿಡುವುದನ್ನು ಮಾತ್ರ ನಾನು ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ಅಥ್ಲೆಟಿಕ್ಸ್ ಅಂದರೆ ಓಟ, ಜಿಗಿತ, ಎಸೆತ. ಟ್ರೈನಿಂಗ್ ಅಂದರೆ ಕೋಚಿಂಗ್. ಹಾಗಾಗಿ ಅಥ್ಲೆಟಿಕ್ ಟ್ರೈನರ್ ಅಂದರೆ ಸೀಟಿ ಊದಿ ಹುಡುಗರನ್ನು ಓಡಿಸುವ ಪಿಟಿ ಮಾಸ್ತರು ಅಂತ ನಾನೂ ತಿಳಿದಿದ್ದೆ. ಕೆಲವರು ಜಿಮ್ ಟ್ರೈನರ್ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಅದು ಎರಡೂ ಅಲ್ಲ, ಆರೋಗ್ಯ ವೃತ್ತಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1990ರಲ್ಲೇ ಅದನ್ನು ಹಾಗೆ ಒಪ್ಪಿಕೊಂಡಿದೆ. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಮ್ಯಾಚ್ ನಡೆಯುವಾಗ ಬಫಲೋ ಬಿಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ ಡಮಾರ್ ಹ್ಯಾಮ್ಲಿನ್ ಹೃದಯ ನಿಂತು ಮೈದಾನದಲ್ಲೇ ಕುಸಿದರು. ಆಗ ಸಿಪಿಆರ್ ಕೊಟ್ಟು ಎಲ್ಲರ ಬಾಯಲ್ಲಿ ಬಂದ ಹೆಸರು ಡೆನ್ನಿ ಕೆಲ್ಲಿಂಗ್ಟನ್. ಅವರು ಆ ತಂಡದ ಅಸಿಸ್ಟೆಂಟ್ ಅಥ್ಲೆಟಿಕ್ ಟ್ರೈನರ್. ನೀವು ಓದಲು ಹೊರಟಿರುವುದು ಆ ಕೆಲಸವನ್ನು. ಕೋಚ್ ಆಗಬೇಕೆಂಬ ಆಸೆ ಇದ್ದರೆ ಇಲ್ಲಿಗೇ ಓದು ನಿಲ್ಲಿಸಿ, ದುಡ್ಡು ಉಳಿಯುತ್ತದೆ.

ಈಗ ಗುಂಡಿಗೆ ಬರೋಣ.

ಅಥ್ಲೆಟಿಕ್ ಟ್ರೈನರ್ ಆಗಿ ಕೆಲಸ ಮಾಡಲು ಬಿಒಸಿ ಎಂಬ ಸಂಸ್ಥೆಯ ಪರೀಕ್ಷೆ ಪಾಸಾಗಬೇಕು. ಪಾಸಾದರೆ ಹೆಸರಿನ ಕೊನೆಗೆ ಎಟಿಸಿ, ಅಂದರೆ ಸರ್ಟಿಫಿಕೇಟ್ ಪಡೆದ ಅಥ್ಲೆಟಿಕ್ ಟ್ರೈನರ್, ಎಂದು ಹಾಕಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ಕಡೆ ಅದರ ಮೇಲೆ ರಾಜ್ಯದ ಲೈಸೆನ್ಸೂ ಬೇಕು. ಆ ಪರೀಕ್ಷೆಗೆ ಯಾರು ಬೇಕಾದರೂ ಕೂರಲು ಬರುವುದಿಲ್ಲ. ಸಿಎಎಟಿಇ ಎಂಬ ಮಂಡಳಿಯ ಮಾನ್ಯತೆ ಇರುವ ‘ಪ್ರೊಫೆಷನಲ್’ ಪ್ರೋಗ್ರಾಂ ಮುಗಿಸಿರಬೇಕು. ಕೆನಡಾ, ಐರ್ಲೆಂಡ್ ತರಹದ ಬೆರಳೆಣಿಕೆಯ ದೇಶಗಳವರಿಗೆ ಬೇರೆ ದಾರಿ ಇದೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಫಿಸಿಯೋಥೆರಪಿ ಮುಗಿಸಿದ ನಮ್ಮ ಧಾರವಾಡದ ಹುಡುಗಿಯರು "ನಾವು ಬಿಪಿಟಿ, ನೇರ ಪರೀಕ್ಷೆ ಬರೀಬಹುದಲ್ವಾ" ಎಂದು ಕೇಳುತ್ತಾರೆ. ಇಲ್ಲ, ಬರೆಯಲು ಆಗುವುದಿಲ್ಲ.

ಇನ್ನು ‘ಪೋಸ್ಟ್-ಪ್ರೊಫೆಷನಲ್’ ಪ್ರೋಗ್ರಾಂ ಯಾರಿಗೆ? ಆಗಲೇ ಎಟಿಸಿ ಆದವರಿಗೆ. ಕೆಲಸದಲ್ಲಿದ್ದವರು ಇನ್ನಷ್ಟು ಕಲಿಯಲು ಸೇರುವ ಕೋರ್ಸ್ ಅದು. ಅದನ್ನು ಮುಗಿಸಿದ ಮಾತ್ರಕ್ಕೆ ಬಿಒಸಿ ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮ ತಲೆ ಕೆಡುವುದು ಇಲ್ಲೇ. ನಮಗೆ ಗ್ರಾಜುಯೇಟ್‌ಗಿಂತ ಪೋಸ್ಟ್ ಗ್ರಾಜುಯೇಟ್ ದೊಡ್ಡದು. ಅಂದ ಮೇಲೆ ಪ್ರೊಫೆಷನಲ್‌ಗಿಂತ ಪೋಸ್ಟ್-ಪ್ರೊಫೆಷನಲ್ ದೊಡ್ಡದಿರಬೇಕು. ನಾನು ಡಿಗ್ರಿ, ಬಿಪಿಎಡ್ ಎರಡೂ ಮುಗಿಸಿದವನು. ಸಣ್ಣದನ್ನು ಯಾಕೆ ತಗೊಳ್ಳಲಿ? ದೊಡ್ಡದಕ್ಕೇ ಅರ್ಜಿ ಹಾಕಿದೆ.

ಅರ್ಜಿಯಲ್ಲಿ ಬಿಒಸಿ ನಂಬರ್ ಕೇಳಿದ್ದರು. ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ಯಾರೂ ಅದನ್ನು ನೋಡಲಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿದರು, ಬ್ಯಾಂಕ್ ಬ್ಯಾಲೆನ್ಸ್ ನೋಡಿದರು, ಸೀಟು ಕೊಟ್ಟರು. ಅಪ್ಪ ಗದಗಿನ ಹತ್ತಿರದ ಎರಡು ಎಕರೆ ಎರೆಹೊಲದ ಮೇಲೆ ಸಾಲ ತೆಗೆದಿದ್ದರು. 2017ರ ಆಗಸ್ಟ್‌ನಲ್ಲಿ ಬಂದೆ. ಮೊದಲ ಕ್ಲಾಸಿನಲ್ಲಿ ಪರಿಚಯ ಮಾಡಿಕೊಳ್ಳುವಾಗ ಒಬ್ಬೊಬ್ಬರೇ ತಾವು ಎಟಿಸಿ, ಇಂಥ ಹೈಸ್ಕೂಲಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದರು. ನನ್ನ ಸರದಿ ಬಂದಾಗ ನಾನು ಯೂನಿವರ್ಸಿಟಿ ಖೋ ಖೋ ಟೀಮಿನಲ್ಲಿದ್ದೆ ಎಂದೆ. ಪ್ರೊಫೆಸರ್ ಖುಷಿಯಿಂದ ನಕ್ಕರು. ಆಮೇಲೆ ಕ್ಲಾಸ್ ಮುಗಿದ ಮೇಲೆ ಒಂದು ನಿಮಿಷ ನಿಲ್ಲು ಎಂದರು.

ಆ ಒಂದು ನಿಮಿಷದ ಖರ್ಚು ಸುಮಾರು ಹದಿನಾಲ್ಕು ಸಾವಿರ ಡಾಲರ್. ಒಂದು ಸೆಮಿಸ್ಟರಿನ ಫೀ, ಬಾಡಿಗೆ, ಇನ್ಶೂರೆನ್ಸ್. ಕಟ್ಟಿದ ಫೀ ವಾಪಸ್ ಬರಲಿಲ್ಲ. ವೀಸಾ ಉಳಿಯಬೇಕಲ್ಲ, ಅದಕ್ಕೆ ಐ-20ಯನ್ನು, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಪತ್ರವನ್ನು, ಒಂದು ಕಮ್ಯುನಿಟಿ ಕಾಲೇಜಿಗೆ ವರ್ಗಾಯಿಸಿಕೊಂಡೆ. ಎರಡು ವರ್ಷದ ಓದು ನನಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಅಪ್ಪನಿಗೆ ಪೂರ್ತಿ ಕಥೆ ಹೇಳಿದ್ದು ಸಾಲ ತೀರಿದ ಮೇಲೆ.

ಹಾಗಾಗಿ ಫೀ ಕಟ್ಟುವ ಮುಂಚೆ ಸಿಎಎಟಿಇ ವೆಬ್‌ಸೈಟಿನಲ್ಲಿ ಆ ಯೂನಿವರ್ಸಿಟಿಯ ಹೆಸರು ಹುಡುಕಿ. ಹೆಸರು ಸಿಕ್ಕ ತಕ್ಷಣ ಖುಷಿಪಡಬೇಡಿ. ‘ಪ್ರೊಫೆಷನಲ್’ ಎಂದು ಇದೆಯಾ ನೋಡಿ. ಅದರ ಪಕ್ಕದ ಸ್ಥಿತಿಯನ್ನೂ ನೋಡಿ. ಸ್ವಂತ ಇಚ್ಛೆಯಿಂದ ಮಾನ್ಯತೆ ಬಿಡುತ್ತಿದ್ದೇವೆ ಎಂದಿದ್ದರೆ ಆ ಅಂಗಡಿ ಬಾಗಿಲು ಹಾಕುತ್ತಿದೆ ಎಂದರ್ಥ. ಮಾನ್ಯತೆಗೆ ಅರ್ಜಿ ಹಾಕಿದ್ದೇವೆ ಎಂದರೆ ಇನ್ನೂ ಸಿಕ್ಕಿಲ್ಲ ಎಂದರ್ಥ. ಪ್ರತಿ ಪ್ರೋಗ್ರಾಮೂ ತನ್ನ ಮಕ್ಕಳು ಮೊದಲ ಸಲಕ್ಕೇ ಎಷ್ಟು ಜನ ಪಾಸಾದರು ಎಂದು ಬಹಿರಂಗವಾಗಿ ಹಾಕಲೇಬೇಕು. ಮೂರು ವರ್ಷದ ಲೆಕ್ಕದಲ್ಲಿ ಅದು ಶೇ. 70ಕ್ಕಿಂತ ಕೆಳಗೆ ಇರಬಾರದು ಎನ್ನುವುದು ಮಂಡಳಿಯ ನಿಯಮ. 71 ಇದ್ದರೆ ನಾನಂತೂ ಅಲ್ಲಿಗೆ ಹೋಗುವುದಿಲ್ಲ. ಕೊನೆಗೆ ಪ್ರೋಗ್ರಾಂ ಡೈರೆಕ್ಟರಿಗೆ ಒಂದು ಸಾಲಿನ ಮೇಲ್ ಹಾಕಿ: ನಾನು ಎಟಿಸಿ ಅಲ್ಲ, ನಿಮ್ಮ ಕೋರ್ಸ್ ಮುಗಿಸಿದರೆ ಬಿಒಸಿ ಪರೀಕ್ಷೆಗೆ ಕೂರಬಹುದಾ? ಅಡ್ಮಿಷನ್ ಆಫೀಸಿಗಲ್ಲ, ಏಜೆಂಟನಿಗಂತೂ ಅಲ್ಲವೇ ಅಲ್ಲ. ಡೈರೆಕ್ಟರಿಗೆ.

ಇದರ ಪಕ್ಕದಲ್ಲೇ ಇನ್ನೊಂದು ಸಣ್ಣ ಗುಂಡಿ ಇದೆ. ಮೊದಲು ಈ ವೃತ್ತಿಗೆ ಬ್ಯಾಚುಲರ್ ಡಿಗ್ರಿ ಸಾಕಿತ್ತು. 2022ರ ನಂತರ ಆ ಬಾಗಿಲು ಮುಚ್ಚಿತು, ಈಗ ಮಾಸ್ಟರ್ಸ್ ಮಟ್ಟದಲ್ಲೇ ಸೇರಬೇಕು. ಸೇರಲು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಸೈಕಾಲಜಿ, ಅನಾಟಮಿ, ಫಿಸಿಯಾಲಜಿ ಕಾಲೇಜಿನಲ್ಲಿ ಓದಿರಬೇಕು. ಪಿಯುಸಿ ಸೈನ್ಸ್ ಇದೆಯಲ್ಲ ಎನ್ನಬೇಡಿ. ಇಲ್ಲಿ ಪಿಯುಸಿ ಹೈಸ್ಕೂಲಿನ ಲೆಕ್ಕಕ್ಕೆ ಹೋಗುತ್ತದೆ. ಬಿಪಿಎಡ್‌ನಲ್ಲಿ ಓದಿದ ಅನಾಟಮಿಗೆ ಲ್ಯಾಬ್ ಇರಲಿಲ್ಲ ಎಂದು ನನ್ನಿಂದ ಅದನ್ನೂ ಮತ್ತೆ ಓದಿಸಿದರು. ಇಪ್ಪತ್ತೈದರ ವಯಸ್ಸಿನಲ್ಲಿ ಹದಿನೆಂಟರ ಮಕ್ಕಳ ಜೊತೆ ಕೂತು ಟೆಸ್ಟ್ ಟ್ಯೂಬ್ ತೊಳೆದೆ. ಹಲವು ಪ್ರೋಗ್ರಾಂಗಳು ಬೇಸಿಗೆಯಲ್ಲೇ ಶುರುವಾಗುತ್ತವೆ. ಆಗಸ್ಟ್‌ಗೆ ಲೆಕ್ಕ ಹಾಕಿ ಕೂತರೆ ಒಂದು ವರ್ಷ ಹೋಯಿತು.

ಟಿಬಿ ಟೆಸ್ಟ್ ವಿಷಯ ಯಾರೂ ಹೇಳುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕ್ಲಿನಿಕಲ್ ತರಬೇತಿಗೆ ಕಳಿಸುವ ಮುಂಚೆ ಲಸಿಕೆಗಳ ದಾಖಲೆ, ಪೊಲೀಸ್ ಹಿನ್ನೆಲೆ ತಪಾಸಣೆ, ಸಿಪಿಆರ್ ಸರ್ಟಿಫಿಕೇಟ್, ಟಿಬಿ ಪರೀಕ್ಷೆ ಎಲ್ಲ ಕೇಳುತ್ತಾರೆ. ನಮಗೆಲ್ಲ ಹುಟ್ಟಿದಾಗಲೇ ಟಿಬಿ ಲಸಿಕೆ ಬಿಸಿಜಿ ಚುಚ್ಚಿರುತ್ತಾರೆ. ಹಾಗಾಗಿ ಚರ್ಮಕ್ಕೆ ಚುಚ್ಚುವ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು. ನನ್ನ ಮುಂಗೈ ಒಂದು ರೂಪಾಯಿ ನಾಣ್ಯದಷ್ಟು ಕೆಂಪಾಗಿ ಊದಿತು. ಎದೆಯ ಎಕ್ಸ್‌ರೇ, ಡಾಕ್ಟರ ಚೀಟಿ ಎಂದು ಒಂದು ವಾರ ಸುತ್ತಾಡಿದೆ. ರಕ್ತದ ಪರೀಕ್ಷೆ ಕೇಳಿ. ಬಿಸಿಜಿಯಿಂದ ಅದು ಕೆಡುವುದಿಲ್ಲ.

ಇಷ್ಟೆಲ್ಲ ಬೈದ ಮೇಲೂ ಒಂದು ಮಾತು ಒಪ್ಪಬೇಕು. ಆಟಗಾರನ ಮೈಯನ್ನು ನೋಡಿಕೊಳ್ಳುವ ವಿಷಯದಲ್ಲಿ ಇಲ್ಲಿನ ವ್ಯವಸ್ಥೆಯೇ ಮೇಲು. ನಾನು ಆಡುತ್ತಿದ್ದ ದಿನಗಳಲ್ಲಿ ಕಾಲು ಉಳುಕಿದರೆ ಮಾಸ್ತರು ಸ್ಪ್ರೇ ಹೊಡೆದು "ಏನೂ ಆಗಿಲ್ಲೋ, ಎದ್ದು ಓಡು" ಅನ್ನುತ್ತಿದ್ದರು. ಮನೆಗೆ ಹೋದರೆ ಅವ್ವ ಎಣ್ಣೆ ಹಚ್ಚಿ, ಬಾವು ಇದ್ದ ಕಡೆಯೇ ಗಸಗಸ ತಿಕ್ಕುತ್ತಿದ್ದಳು. ಇಲ್ಲಿ ತಲೆಗೆ ಪೆಟ್ಟು ಬಿದ್ದ ಹೈಸ್ಕೂಲ್ ಹುಡುಗನನ್ನು ಕೋಚ್ ತನ್ನಿಷ್ಟಕ್ಕೆ ವಾಪಸ್ ಇಳಿಸುವಂತಿಲ್ಲ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆ ಮೊದಲು ಕಾನೂನು ಮಾಡಿತು. 2014ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದ ಕಾನೂನು ಬಂತು. ಕಬಡ್ಡಿಯಲ್ಲಿ ತಲೆಗೆ ತಲೆ ಬಡಿದುಕೊಂಡು, ನೀರು ಚಿಮುಕಿಸಿಕೊಂಡು ಮತ್ತೆ ರೈಡ್ ಮಾಡಿದ ಗೆಳೆಯರ ಮುಖ ನನಗೆ ಆಗಾಗ ನೆನಪಾಗುತ್ತದೆ.

ಕಲಿಸುವ ರೀತಿಯೂ ಚೆನ್ನ. ಪಾದದ ಗಂಟಿಗೆ ಟೇಪ್ ಸುತ್ತುವುದನ್ನೇ ವಾರಗಟ್ಟಲೆ ಮಾಡಿಸಿದರು. ಒಂದೂವರೆ ಇಂಚಿನ ಬಿಳಿ ಟೇಪು. ಪಾದ ನೇರ ಮೇಲಕ್ಕೆ, ಕಣಕಾಲಿಗೆ ಲಂಬಕೋನದಲ್ಲಿ ನಿಂತಿರಬೇಕು. ಮೊದಲು ಮೇಲೊಂದು ಪಟ್ಟಿ, ಆಮೇಲೆ ಹಿಮ್ಮಡಿಯ ಕೆಳಗಿಂದ ಲಾಳದ ಹಾಗೆ ಮೇಲಕ್ಕೆ, ಆಮೇಲೆ ಹಿಮ್ಮಡಿಗೆ ಬೀಗ ಹಾಕಿದ ಹಾಗೆ ಅಡ್ಡ ಸುತ್ತು. ಕತ್ತರಿ ಮುಟ್ಟುವಂತಿಲ್ಲ, ಬೆರಳಲ್ಲೇ ಹರಿಯಬೇಕು. ಒಂದು ಸುಕ್ಕು ಉಳಿದರೂ ಅಲ್ಲಿ ಗುಳ್ಳೆ ಏಳುತ್ತದೆ. ನನ್ನ ಹೆಬ್ಬೆರಳ ತುದಿ ಎರಡು ಸಲ ಸುಲಿಯಿತು. ಆದರೆ ಇವರಿಗೂ ಬರದ ವಿದ್ಯೆ ಇದೆ. ಸುಣ್ಣದ ಪುಡಿ, ಹಗ್ಗ, ಎರಡು ಗೂಟ ಕೊಟ್ಟು ಒಂದು ತಾಸಿನಲ್ಲಿ ಟ್ರ್ಯಾಕ್ ಹಾಕು ಎಂದರೆ ನನ್ನ ಕ್ಲಾಸಿನ ಒಬ್ಬನೂ ಹಾಕುತ್ತಿರಲಿಲ್ಲ. ಆ ಕೆಲಸದಲ್ಲಿ ನಮ್ಮ ಬಿಪಿಎಡ್ ಹುಡುಗರನ್ನು ಯಾರೂ ಮೀರಿಸಲಾರರು.

ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಓದಲು ಬರುವವರಿಗೆ ಇಷ್ಟು ಹೇಳಿದರೆ ಸಾಕು. ಅದಕ್ಕೆ ಲೈಸೆನ್ಸೂ ಇಲ್ಲ, ಬಿಒಸಿ ತರಹದ ಪರೀಕ್ಷೆಯೂ ಇಲ್ಲ. ಒಹಾಯೋ ಯೂನಿವರ್ಸಿಟಿ 1966ರಲ್ಲಿ ಶುರು ಮಾಡಿದ ಕೋರ್ಸು ಈಗ ಬೀದಿಗೊಂದರಂತೆ ಇದೆ. ಹಾಗಾಗಿ ಯಾವ ಊರು, ಅಲ್ಲಿ ಯಾವ ತಂಡ, ಹಳೆಯ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಇದನ್ನೇ ಕೇಳಬೇಕು. ಗದಗಿನ ನಮ್ಮ ತಂಗಿಯೊಬ್ಬಳು ದೊಡ್ಡ ಕನಸು ಹೊತ್ತು ಬಂದಳು. ಮೊದಲ ಕೆಲಸ ಟಿಕೆಟ್ ಮಾರುವುದು. ದಿನವಿಡೀ ಗುರುತಿಲ್ಲದವರಿಗೆ ಫೋನ್ ಮಾಡಿ ಸೀಸನ್ ಟಿಕೆಟ್ ತಗೊಳ್ಳಿ ಎನ್ನಬೇಕು. "ಅಣ್ಣಾ, ಹುಬ್ಬಳ್ಯಾಗ ಕ್ರೆಡಿಟ್ ಕಾರ್ಡ್ ಮಾರೋರನ್ನ ಬೈತಿದ್ನಿ, ಈಗ ನಾನೇ ಅದಾಗೇನಿ" ಎಂದು ನಕ್ಕಳು. ಈಗ ಒಂದು ಕಾಲೇಜಿನ ನಿಯಮಪಾಲನೆ ವಿಭಾಗದಲ್ಲಿದ್ದಾಳೆ, ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ನಿಯಮಗಳು ಅವಳಿಗೆ ಬಾಯಿಪಾಠ. ಅವಳನ್ನು ಬದುಕಿಸಿದ್ದು ಗ್ರಾಜುಯೇಟ್ ಅಸಿಸ್ಟೆಂಟ್‌ಷಿಪ್. ಕ್ರೀಡಾ ವಿಭಾಗದಲ್ಲೇ ಕೆಲಸ, ಬದಲಿಗೆ ಫೀ ಮಾಫಿ. ಸೀಟು ಸಿಕ್ಕ ದಿನವೇ ಅದಕ್ಕೆ ಮೇಲ್ ಹಾಕಲು ಶುರು ಮಾಡಿ.

ಒಂದು ಎಚ್ಚರಿಕೆ ಇಬ್ಬರಿಗೂ. ಈ ಎರಡು ವಿಷಯಗಳೂ ಸಾಮಾನ್ಯವಾಗಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಬರುವುದಿಲ್ಲ. ಕಂಪ್ಯೂಟರ್ ಓದಿದ ರೂಮ್‌ಮೇಟಿಗೆ ಓದಿನ ನಂತರ ಕೆಲಸ ಮಾಡಲು ಮೂರು ವರ್ಷ ಸಿಕ್ಕರೆ ನಿಮಗೆ 12 ತಿಂಗಳು. ಓದುವಾಗಲೇ ಪೂರ್ಣಾವಧಿ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿ) 12 ತಿಂಗಳು ಬಳಸಿದರೆ ಅದೂ ಹೋಯಿತು. ಸಂಬಳ ಇಲ್ಲದ ಇಂಟರ್ನ್‌ಷಿಪ್ ತಾನೇ, ಯಾರು ಕೇಳುತ್ತಾರೆ ಎಂದು ಸುಮ್ನೆ ಹೋಗಬೇಡಿ. ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ, ಲಿಖಿತವಾಗಿ ಇಸಕೊಳ್ಳಿ.

ಹಾವೇರಿಯ ಹುಡುಗ ಮಾರನೇ ದಿನವೇ ಡೈರೆಕ್ಟರಿಗೆ ಮೇಲ್ ಹಾಕಿದ. ಒಂದೇ ಸಾಲಿನ ಉತ್ತರ ಬಂತು, ನಾನು ಹೇಳಿದ್ದೇ. ಐನೂರು ಡಾಲರ್ ಹೋಯಿತು, ಹೊಲ ಉಳಿಯಿತು. ಈಗ ಪ್ರೊಫೆಷನಲ್ ಪ್ರೋಗ್ರಾಂಗಳ ಪಟ್ಟಿ ಮಾಡಿಕೊಂಡು ಕೂತಿದ್ದಾನೆ. ಏನೇನು ಓದಿರಬೇಕು ಎಂಬುದನ್ನು ಕಳಿಸಿದೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ವಾಯ್ಸ್ ಮೆಸೇಜ್ ಬಂತು: "ಅಣ್ಣಾರ, ಫಿಸಿಕ್ಸ್ ಬ್ಯಾಡಂತನ ನಾ ಆರ್ಟ್ಸ್ ತಗೊಂಡಿದ್ದೆರಿ."