ಹಳೇ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್ ಹಾಕಿದ ನನ್ನ ಅನುಭವ

ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್ ಹತ್ತು ವರ್ಷಕ್ಕಿಂತ ಹಳೆಯದು. ಮದರ್‌ಬೋರ್ಡು ಎಚ್61, ಪ್ರೊಸೆಸರ್ ಪೆಂಟಿಯಂ ಜಿ620. ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಹಾಕಿದ ಮೇಲೆ ಬೇಗ ಆನ್ ಆಗುತ್ತಿತ್ತು. ಆದರೆ ಬ್ರೌಸರ್ ಜೊತೆ ಪೇಜ್ ಡಿಸೈನ್ ತೆರೆದರೆ ಮೌಸೇ ಅಲುಗಾಡುತ್ತಿರಲಿಲ್ಲ. ಕೆಲಸ ಮಾಡೋ ಕೋರು ಎರಡೇ, ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು, ಅಂದರೆ ಥ್ರೆಡ್ಡು, ಅದೂ ಎರಡೇ, ಪಾಪ ಅದಾದರೂ ಏನು ಮಾಡೀತು?

ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, 1155 ಮಾದರಿಯದು. ಇದಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಐ5-3470 ಪ್ರೊಸೆಸರ್ ಸಿಗುತ್ತಿತ್ತು, ನಾಲ್ಕು ಕೋರು, ಆಸೆಯಾಯಿತು. ಆದರೆ ಅದು 77 ವ್ಯಾಟ್. ನಮ್ಮದು ಚಿಕ್ಕ ಯುಪಿಎಸ್, ಬೇಸಿಗೆ ಬೇರೆ. ಕೊನೆಗೆ ಐ3-3220 ತಂದೆ. 55 ವ್ಯಾಟ್, ಎರಡು ಕೋರು, ನಾಲ್ಕು ಥ್ರೆಡ್. ಹಳೆಯದು 65 ವ್ಯಾಟಿನದು. ಈ ವ್ಯಾಟ್ ಲೆಕ್ಕ ಶಾಖದ್ದು, ಕರೆಂಟ್ ಬಿಲ್ಲಿನದಲ್ಲ, ಆದರೂ ಅಂದಾಜಿಗೆ ಸಾಕು.

ಫ್ಯಾನ್ ಬಿಚ್ಚಿದರೆ ಶಾಖ ಹೀರುವ ಹೀಟ್‌ಸಿಂಕ್ ಸಂದಿನಲ್ಲೆಲ್ಲ ಕಪ್ಪು ಮಸಿ. ಮಂಡಕ್ಕಿ ಭಟ್ಟಿ ಹತ್ತಿರ ಅಂಗಡಿ ಇಟ್ಟರೆ ಇನ್ನೇನಾಗುತ್ತೆ, ಅಲ್ವಾ? ಹಳೇ ಬ್ರಷ್‌ನಿಂದ ಉಜ್ಜಿ, ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿ, ಚಿಪ್ ಕೂರಿಸಿ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು!

ಚಿಪ್ಪೇ ಕೆಟ್ಟಿದೆ ಅಂದುಕೊಂಡು ಮಾರಿದವರನ್ನು ಸುಮ್ನೆ ಬೈದುಕೊಂಡೆ. ತಪ್ಪು ನನ್ನದೇ. ನನ್ನ ಬೋರ್ಡಿನ ಬಯಾಸ್, ಅಂದರೆ ಕಂಪ್ಯೂಟರನ್ನು ಶುರು ಮಾಡಿಸುವ ಸಾಫ್ಟ್‌ವೇರ್, ಹಳೆಯದು, ಐ3-3220 ಬರುವುದಕ್ಕೆ ಮುಂಚಿನದು, ಹಾಗಾಗಿ ಅದಕ್ಕೆ ಹೊಸ ಚಿಪ್ಪಿನ ಗುರುತೇ ಸಿಗಲಿಲ್ಲ. ಮತ್ತೆ ಪೆಂಟಿಯಂ ಕೂರಿಸಿ, ಬೋರ್ಡ್ ಕಂಪನಿಯ ಸೈಟ್‌ನಿಂದ ಬಯಾಸ್ ಇಳಿಸಿಕೊಂಡು ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಿದೆ. ಆಗ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು, ಅದಕ್ಕೆ ಯುಪಿಎಸ್ ಪೂರ್ತಿ ಚಾರ್ಜ್ ಆದ ಮೇಲೇ ಕೈ ಹಾಕಿದ್ದು. ಆಮೇಲೆ ಐ3 ಹಾಕಿದೆ, ಪರದೆ ಬಂತು.

ಈಗ ಮದುವೆ ಕಾರ್ಡಿನ ಫೈಲ್ ತೆರೆದಿಟ್ಟೇ ಬ್ರೌಸರ್ ನೋಡಬಹುದು. ಫ್ಯಾನ್ ಸದ್ದೂ ಕಡಿಮೆ, ಅದು ಮಸಿ ತೆಗೆದಿದ್ದಕ್ಕೇ ಇರಬೇಕು. ಪೆಂಟಿಯಂ ಡ್ರಾಯರ್‌ನಲ್ಲಿದೆ.