ಸಾವಾದ ಮನೆಗೆ ಗಂಜಿ ಒಯ್ಯುವಾಗ

ಸಾವಾದ ಮನೆಯಲ್ಲಿ ಒಲೆ ಹೊತ್ತಿಸದ ದಿನಗಳಲ್ಲಿ ನೆರೆಹೊರೆಯವರೂ ನೆಂಟರೂ ಊಟ ಒಯ್ಯುವುದು ನಮ್ಮ ಕಡೆಯ ಹಳೆಯ ರೂಢಿ. ಏನು ಒಯ್ಯಬಹುದೆಂದು ಮೊದಲು ಆ ಮನೆಯವರ ಹತ್ತಿರದ ನೆಂಟರನ್ನು ವಿಚಾರಿಸಿರಿ. ಕೆಲವು ಮನೆಗಳಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ.

ಅತ್ತು ಬಸವಳಿದವರ ಗಂಟಲಲ್ಲಿ ಗಟ್ಟಿ ಅನ್ನ ಇಳಿಯದಿರುವುದರಿಂದ ಗಂಜಿಯೇ ಉತ್ತಮವೆಂಬುದು ನನ್ನ ಅನುಭವ. 1 ಲೋಟ ಅಕ್ಕಿಗೆ 7 ಲೋಟ ನೀರಿಟ್ಟು, ಅಗುಳು ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಉಪ್ಪು ಬೆರೆಸಿ, ಬಿಗಿ ಮುಚ್ಚಳದ ಪಾತ್ರೆಯಲ್ಲಿ ಬಿಸಿಯಾಗಿ ಒಯ್ಯಿರಿ. ಲೋಟಗಳನ್ನೂ ನೀವೇ ತಂದು, ತೊಳೆಯಲು ಹಿಂದಕ್ಕೆ ಕೊಂಡೊಯ್ಯಿರಿ. “ಊಟ ಮಾಡುತ್ತೀರಾ” ಎಂದು ಕೇಳದೆ, “ಅಮ್ಮಾ, ಎರಡು ಗುಟುಕು ಕುಡಿಯಿರಿ” ಎಂದು ಕೈಗೇ ಕೊಡಿರಿ.

ಎಡೆ ಇಡುವ ಮನೆಯಾದರೆ ಮಹಾಲಯ ಅಮಾವಾಸ್ಯೆಗೆ ಮತ್ತೆ ಹೋಗಿ, ತೀರಿಕೊಂಡವರಿಗೆ ಇಷ್ಟವಾಗಿದ್ದ ತಿನಿಸನ್ನು ಮಾಡಲು ಕೈಜೋಡಿಸಿರಿ.