‘ಸ್ವಲ್ಪ ದಪ್ಪ ಮಾಡಿ’ ಎಂದಾಗ ಏನು ಮಾಡಬೇಕು?

ಫಲಕ, ಲಾಂಛನಗಳಿಗೆ ಹೆಸರನ್ನು ಕೈಯಿಂದಲೇ ವಿನ್ಯಾಸ ಮಾಡಿಕೊಡುವ ಕೆಲಸದಲ್ಲಿ, ಅಕ್ಷರವನ್ನು ಸೊಗಸಾಗಿ ಬರೆಯುವವರೂ ಗ್ರಾಹಕರ ಅಭಿಪ್ರಾಯ ಬಂದ ಕೂಡಲೇ ಎಡವುವುದನ್ನು ನೋಡುತ್ತಲೇ ಇದ್ದೇನೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾರೆ, ವಿನ್ಯಾಸ ಇನ್ನಷ್ಟು ಹದಗೆಡುತ್ತದೆ. ಹಾಗಾಗಿ ಉಳಿದ ಹೆಜ್ಜೆಗಳನ್ನು ಬೇಗ ಮುಗಿಸಿ ಅಲ್ಲಿಗೆ ಬರುತ್ತೇನೆ.

ಮೊದಲು, ಹೆಸರು ಎಲ್ಲೆಲ್ಲಿ ಬಳಕೆಯಾಗುತ್ತದೆ, ಅತಿ ಚಿಕ್ಕದಾಗಿ ಎಲ್ಲಿ ಬರುತ್ತದೆ ಎಂದು ಕೇಳಿಕೊಳ್ಳಿ. ಬಳಿಕ ಪೆನ್ಸಿಲಿನಲ್ಲಿ ಬೆರಳುದ್ದದ ಕರಡುಗಳನ್ನು ಬರೆದು, ಮೂರನ್ನು ಮಾತ್ರ ಆರಿಸಿ, ಟ್ರೇಸಿಂಗ್ ಹಾಳೆಯ ಮೇಲೆ ತಿದ್ದಿ. ಹಾಳೆ ದಪ್ಪದ್ದೇ ಇರಲಿ. ತೆಳುವಾದದ್ದು ಎರಡು ಸಲ ರಬ್ಬರ್ ಉಜ್ಜುವಷ್ಟರಲ್ಲಿ ಸುಕ್ಕಾಗುತ್ತದೆ. ಸಿದ್ಧ ಫಾಂಟನ್ನು ಅಡ್ಡಕ್ಕೆ ಎಳೆದು ‘ಕೈಬರಹ’ ಎನ್ನುವ ಒಳದಾರಿ ಬೇಡವೇ ಬೇಡ. ಲಂಬ ಗೆರೆಗಳಷ್ಟೇ ಊದಿಕೊಂಡು ತಲೆಕಟ್ಟು ಸೊರಗಿಬಿಡುತ್ತದೆ.

ಗ್ರಾಹಕರಿಗೆ ಕಪ್ಪು ಬಿಳುಪಿನಲ್ಲೇ ತೋರಿಸಿ. ಬಣ್ಣ ಹಾಕಿದರೆ ಮಾತೆಲ್ಲ ಬಣ್ಣದ ಕಡೆಗೆ ಹೊರಳುತ್ತದೆ.

ಈಗ ಕಷ್ಟದ ಹಂತ. ಗ್ರಾಹಕರು ಸಾಮಾನ್ಯವಾಗಿ ಪರಿಹಾರವನ್ನು ಹೇಳುತ್ತಾರೆ. ತೊಂದರೆಯನ್ನು ನಾವೇ ಹುಡುಕಬೇಕು. ‘ಸ್ಫೂರ್ತಿ’ ಎಂಬ ಹೆಸರಿನ ಫಲಕಕ್ಕೆ ಕರಡು ಕಳಿಸಿದ್ದೀರಿ, ‘ಸ್ವಲ್ಪ ದಪ್ಪ ಮಾಡಿ’ ಎಂಬ ಉತ್ತರ ಬಂದಿದೆ ಎನ್ನಿ. ಪೆನ್ಸಿಲ್ ಎತ್ತಿಕೊಳ್ಳಬೇಡಿ. ‘ಹಾಗೆ ಯಾಕೆ ಅನ್ನಿಸಿತು?’ ಎಂದು ಕೇಳಿ. ‘ದೂರದಿಂದ ಓದಲಾಗುತ್ತಿಲ್ಲ’ ಎಂದರೆ ಒತ್ತಕ್ಷರವನ್ನು ನೋಡಿ. ಕೆಳಗೆ ಜೋತುಬಿದ್ದ ‘ಫ’ ಒತ್ತು ಎತ್ತರವನ್ನು ನುಂಗಿರುತ್ತದೆ. ಫಲಕದ ಅಳತೆಗೆ ಕೂರಿಸುವಾಗ ಮೇಲಿನ ಅಕ್ಷರಗಳೆಲ್ಲ ಕುಗ್ಗಿರುತ್ತವೆ. ಇಲ್ಲಿ ಗೆರೆ ದಪ್ಪ ಮಾಡಿದರೆ ಒತ್ತಿನ ಒಳಜಾಗ ಮುಚ್ಚಿಹೋಗಿ ಮಸಿಯ ಮುದ್ದೆಯಾಗುತ್ತದೆ. ಅದರ ಬದಲು ಒತ್ತನ್ನು ‘ಸ’ದ ಬುಡಕ್ಕೆ ಹತ್ತಿರ ತಂದು, ತುಸು ಬಲಕ್ಕೆ ಸರಿಸಿ. ಉಳಿದ ಎತ್ತರದಲ್ಲಿ ಇಡೀ ಹೆಸರನ್ನು ಹಿಗ್ಗಿಸಬಹುದು. ಅವರು ಕೇಳಿದ ದಪ್ಪದ ಪ್ರತಿಯನ್ನೂ ಬರೆದು, ಎರಡನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ ದೂರ ನಿಂತು ನೋಡಲು ಹೇಳಿ. ವಾದಕ್ಕಿಂತ ಇದು ಎಷ್ಟೋ ಮೇಲು.

‘ಏನೋ ಸರಿಯಿಲ್ಲ’ ಎಂಬ ಮಾತಿಗೆ ಬೇಸರಪಡಬೇಡಿ. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ: ಓದುವ ಅಭ್ಯಾಸ ತಪ್ಪಿ, ಅಂತರದ ದೋಷ ಥಟ್ಟನೆ ಕಾಣುತ್ತದೆ. ‘ತಿ’ಯ ಪಕ್ಕದ ಅರ್ಕಾವೊತ್ತು ಸಂಬಂಧವೇ ಇಲ್ಲದಂತೆ ದೂರ ನಿಂತಿರಬಹುದು. ‘ಆಧುನಿಕವಾಗಿರಲಿ’ ಎಂದವರಿಂದ ಅವರಿಗೆ ಹಿಡಿಸಿದ ಒಂದೆರಡು ಮಾದರಿಗಳನ್ನು ತರಿಸಿಕೊಳ್ಳಿ. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮ ಇರಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿರಬಹುದು. ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದರೆ, ಒಬ್ಬರೇ ಎಲ್ಲವನ್ನೂ ಒಟ್ಟುಮಾಡಿ ಹೇಳಲಿ ಎಂದು ಪಟ್ಟುಹಿಡಿಯಿರಿ. ತಿದ್ದುವ ಮುನ್ನ ನೀವು ಅರ್ಥಮಾಡಿಕೊಂಡದ್ದನ್ನು ಎರಡು ಸಾಲಿನಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

ಒಪ್ಪಿದ ಮೇಲೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವೆಕ್ಟರ್ ಗೆರೆಗಳನ್ನು (ಬಿಂದುಗಳನ್ನು ಜೋಡಿಸಿ ಎಳೆಯುವ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಗಳನ್ನು) ಕೈಯಾರೆ ಎಳೆಯಿರಿ. ತಾನಾಗಿ ಟ್ರೇಸ್ ಮಾಡುವ ಸೌಲಭ್ಯ ಬೇಡದ ಬಿಂದುಗಳನ್ನು ತುಂಬಿ ನಮ್ಮ ದುಂಡು ಅಕ್ಷರಗಳನ್ನು ಅಂಕುಡೊಂಕು ಮಾಡುತ್ತದೆ. ವಕ್ರರೇಖೆಯ ಮೇಲ್ತುದಿ, ಕೆಳತುದಿ, ಎಡ, ಬಲಗಳಲ್ಲಿ ಬಿಂದುವಿಟ್ಟರೆ ಬಹುಪಾಲು ಸಾಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ದಪ್ಪವಾಗಿ ಕಾಣುವುದರಿಂದ ಅದಕ್ಕೆಂದೇ ತುಸು ತೆಳುವಾದ ಪ್ರತಿ ಮಾಡಿ, ಎರಡನ್ನೂ ಪಿಡಿಎಫ್ ರೂಪದಲ್ಲಿ ಒಪ್ಪಿಸಿ.